ದ್ಯಾಮಣ್ಣನ ವೈರು, ವಿರೂಪಾಕ್ಷಿಯ ಹಲ್ಲಿ

“ಹಿರಿಯಾರ, ಇದು ಡಬ್ಬಿ ಅಲ್ಲ. ನಿಮ್ಮ ಇಡೀ ಕಾಲನಿ!” ಎಂದು ವಿರೂಪಾಕ್ಷಿ ಟವೆಲ್ಲನ್ನು ಸರಕ್ಕನೆ ಎಳೆದ.

ಟವೆಲ್ಲಿನಡಿ ಇದ್ದದ್ದು ಡಬ್ಬಿಯೇ. ಹಳೆಯ ತಗಡಿನ ಟ್ರಂಕು, ಅದಕ್ಕೆ ಎರಡು ಫ್ಯಾನು, ಮುಂದೊಂದು ದೊಡ್ಡ ಪರದೆ, ಹಿಂದೆ ಒಂದು ಮೊರ ವೈರು. ಆದರೂ ಸಮುದಾಯ ಭವನದಲ್ಲಿ ಕೂತಿದ್ದ ಅರವತ್ತು ಮನೆಯವರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದ ಮೇಲೆ ಉಪ್ಪಿಟ್ಟು ಎಂದು ಮೊದಲೇ ಹೇಳಲಾಗಿತ್ತು.

ಹಿಂದಿನ ಬೆಂಚಿನಲ್ಲಿದ್ದ ದ್ಯಾಮಣ್ಣ ಮಾತ್ರ ಕೈ ಕಟ್ಟಿಕೊಂಡೇ ಕೂತಿದ್ದ. ಅವನಿಗೆ ಸಿಟ್ಟು ಬಂದಿತ್ತು. ಈಗ ಬಂದದ್ದಲ್ಲ, ತಿಂಗಳ ಹಿಂದೆಯೇ ಬಂದು ಗಂಟುಮೂಟೆ ಇಳಿಸಿ ಮೂಗಿನ ತುದಿಯಲ್ಲಿ ಮನೆ ಮಾಡಿತ್ತು. ರಾಣೆಬೆನ್ನೂರಿನ ಈ ಕಲ್ಮೇಶ್ವರ ಕಾಲನಿಗೆ ಮೊದಲು ಕೇಬಲ್ ಟಿವಿ, ಆಮೇಲೆ ಇಂಟರ್ನೆಟ್ಟು ತಂದವನು ಅವನು. ಇಪ್ಪತ್ತೆರಡು ವರ್ಷ ಏಣಿ ಹೊತ್ತು, ಒಂದೊಂದು ವೈರನ್ನೂ ತನ್ನ ಕೈಯಾರೆ ಕಟ್ಟಿದವನು. ಈಗ ಯಾವುದೋ ದೊಡ್ಡ ಕಂಪನಿಯವರು ಟೈ ಕಟ್ಟಿಕೊಂಡು ಬಂದು, “ಕಾಲನಿಯನ್ನು ನಮಗೆ ಕೊಡಿ, ನೆಟ್‌ವರ್ಕಿನ ಪೂರ್ತಿ ನಕ್ಷೆ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ” ಎಂದಿದ್ದರು. ನಕ್ಷೆ ಎಂಬ ಮಾತಿಗೆ ಸಂಘದ ಅಧ್ಯಕ್ಷ ಹೊಸಮನಿ ಮಾಸ್ತರರು ಕರಗಿ ಹೋದರು. ಇವತ್ತು ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ ಕೈ ಎತ್ತಿ ತೀರ್ಮಾನ: ದ್ಯಾಮಣ್ಣನನ್ನು ಇಟ್ಟುಕೊಳ್ಳುವುದೋ, ಬಿಡುವುದೋ.

ದ್ಯಾಮಣ್ಣನ ಬಳಿ ನಕ್ಷೆ ಎಲ್ಲಿಂದ ಬರಬೇಕು? ಅವನ ಕಸುಬಿನಲ್ಲಿ ನಕ್ಷೆ ಬರೆದಿಟ್ಟವನು ಉದ್ಧಾರವಾದದ್ದುಂಟೆ? ಯಾವ ವೈರು ಯಾರ ಮಾಳಿಗೆ ಹಾಯ್ದು, ಯಾವ ತೆಂಗಿನಮರ ಸುತ್ತಿ, ಯಾರ ಮನೆಗೆ ಇಳಿಯುತ್ತದೆ ಎಂಬುದು ತಲೆಯೊಳಗಿರಬೇಕು. ಕಾಗದಕ್ಕೆ ಇಳಿದರೆ ನಾಳೆಯೇ ಇನ್ನೊಬ್ಬ ಏಣಿ ತಂದು ಹತ್ತುತ್ತಾನೆ. ಒಪ್ಪಂದಗಳೂ ಬಾಯಿಮಾತಿನವೇ. ಯಾರ ಮಾಳಿಗೆ ಮೇಲೆ ವೈರು ಹಾಯುತ್ತದೋ ಆ ಮನೆಗೆ ಕನೆಕ್ಷನ್ ಪುಕ್ಕಟೆ. ಹೀಗಾಗಿ ಹೆಂಗಸರೆಲ್ಲ “ನಮ್ಮ ಮಾಳಿಗಿ ಮ್ಯಾಲೂ ಹಾಯಸೋ ದ್ಯಾಮಣ್ಣಾ” ಎಂದು ಕರೆದು ಕರೆದು, ನೆಟ್ಟಗೆ ನೂರು ಗಜ ಹೋಗಬೇಕಾದ ವೈರು ಹದಿನಾಲ್ಕು ಮಾಳಿಗೆಗಳ ಯಾತ್ರೆ ಮುಗಿಸಿ ಹೋಗುತ್ತಿತ್ತು. ಮೇಲಾಗಿ ಬಟ್ಟೆ ಒಣಹಾಕುವುದಕ್ಕೆ ಬೇರೆ ಹಗ್ಗ ಬೇಕಿರಲಿಲ್ಲ.

ಇಂಥ ಹೊತ್ತಿನಲ್ಲಿ ಹೆಂಡತಿ ನೀಲವ್ವ ತನ್ನ ತಮ್ಮ ವಿರೂಪಾಕ್ಷಿಯನ್ನು ಮುಂದೆ ತಂದಳು. ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ವಿರೂಪಾಕ್ಷಿ ಹೋದ ವರ್ಷ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದ. ಅದು ರೊಟ್ಟಿ ಬಡಿಯುವುದನ್ನು ಬಿಟ್ಟು ಗೋಡೆ ಬಡಿದು, ಅಕ್ಕನ ಅಡುಗೆಮನೆಯಿಂದ ಹಿತ್ತಲಿಗೆ ಹೊಸ ದಾರಿ ತೆರೆದಿತ್ತು. ಆದರೂ ನೀಲವ್ವನಿಗೆ ತಮ್ಮನೆಂದರೆ ಪ್ರಾಣ. “ನಕ್ಷಾ ತಾನ ಬೇಕಾಗಿದ್ದು? ನನ್ನ ತಮ್ಮ ಮಾಡಿ ಕೊಡ್ತಾನ” ಎಂದಳು. ದ್ಯಾಮಣ್ಣ ಬೇಡವೇ ಬೇಡ ಎಂದ. ಅವನು ಬೇಡವೆಂದ ಮೇಲೂ ಆ ಮನೆಯಲ್ಲಿ ನಡೆದ ಸಾವಿರ ಕೆಲಸಗಳಿಗೆ ಇದೂ ಒಂದು ಸೇರಿತು.

“ನಲವತ್ತು ಹಲ್ಲಿ ಮಾಡೀನಿ” ಎಂದು ಈಗ ವಿರೂಪಾಕ್ಷಿ ಸಭೆಯ ಮುಂದೆ ಅಂಗೈ ಚಾಚಿದ. ಅದರ ಮೇಲೆ ಬೆಂಕಿಪೊಟ್ಟಣದಷ್ಟು ಉದ್ದದ ತಗಡಿನ ಹಲ್ಲಿಯೊಂದು ಬಾಲ ಆಡಿಸುತ್ತಿತ್ತು. “ಎಂಟ ದಿನದಿಂದ ಇವು ನಿಮ್ಮ ವೈರಿನ ಮ್ಯಾಲೆ ಓಡಾಡಾಕತ್ತಾವ. ವೈರಿಗೆ ಏನೇನು ಕಟ್ಟೇತಿ ಅನ್ನೂದನ್ನ ನೋಡಿ ಬಂದು ಡಬ್ಬಿಗೆ ಹೇಳ್ತಾವ. ಡಬ್ಬಿ ತನ್ನ ಹೊಟ್ಯಾಗ ಅಂಥಾದ್ದ ಇನ್ನೊಂದು ಕಾಲನಿ ಕಟ್ಟತೈತಿ. ಅಲ್ಲಿ ಇಟ್ಟಂಗಿ ಇಲ್ಲ, ಕಂಬ ಇಲ್ಲ, ಬರೇ ಲೆಕ್ಕಾಚಾರ! ಆದ್ರ ಇಲ್ಲಿ ನಾ ಒಂದು ಗೆರಿ ಸರಿಸಿದ್ರ, ಹೊರಗ ಹಲ್ಲಿ ಓಡಿ ಹೋಗಿ ಖರೇನ ವೈರನ್ನ ಸರಸ್ತಾವ!”

ಪರದೆಯ ಮೇಲೆ ಕಾಲನಿ ಮೂಡಿತು. “ಅದು ನಮ್ಮನಿ!” “ಅದು ನಮ್ಮ ನೀರಿನ ಟ್ಯಾಂಕ್!” ಎಂದು ಜನ ಬೆಂಚಿನ ಮೇಲೆ ಹತ್ತಿ ನಿಂತರು. ಹೊಸಮನಿ ಮಾಸ್ತರರು ಕನ್ನಡಕ ಒರೆಸಿ, “ಶಾಭಾಸ್! ಕಂಪನಿಯವರ ನಕ್ಷಾಕ್ಕೂ ಇದು ಮೇಲು” ಎಂದರು.

ದ್ಯಾಮಣ್ಣ ಎದ್ದು ಬಂದು ಪರದೆಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ.

“ಇದರಾಗ ನಾ ಎಲ್ಲದೀನಿ?”

“ಮಾಮಾ, ಇದು ನೆಟ್‌ವರ್ಕು. ಇದರಾಗ ಮನಷ್ಯಾರು ಬರೂದಿಲ್ಲ.”

“ಮನಷ್ಯಾರು ಬರೂದಿಲ್ಲ? ಮತ್ತ ಈ ವೈರು ಯಾರು ಕಟ್ಟಿದ್ದಲೇ? ನಿಮ್ಮಪ್ಪ ಬಂದಿದ್ನೇನು?”

“ನಮ್ಮಪ್ಪನ ಸುದ್ದಿಗೆ ಬರಬ್ಯಾಡ್ರಿ!” ಎಂದು ಹೆಂಗಸರ ಕಡೆಯಿಂದ ನೀಲವ್ವನ ದನಿ ಬಂತು. “ಅಂವ ನಿಮ್ಮ ಹೊಟ್ಟಿಪಾಡಿನ ಸಲುವಾಗಿ ಎಂಟ ದಿನ ನಿದ್ದಿಗೆಟ್ಟಾನ!”

“ನನ್ನ ಹೊಟ್ಟಿ ಮ್ಯಾಲೆ ಹೊಡ್ಯಾಕ ನಿದ್ದಿಗೆಡಬೇಕೇನು? ಹಗಲಿನ್ಯಾಗ ಹೊಡೀಬಹುದಿತ್ತಲ್ಲ!”

ಹೇಳಿದ್ದೇನೋ ತಮಾಷೆಯಂತೆ ಕೇಳಿಸಿತು, ಜನ ನಕ್ಕರು. ದ್ಯಾಮಣ್ಣನಿಗೆ ನಿಜಕ್ಕೂ ಹೊಟ್ಟೆ ಉರಿದಿತ್ತು. ಮಳೆ ಬಂದಾಗ ಕಂಬ ಹತ್ತಿದ್ದು, ಎರಡು ಸಲ ಬಿದ್ದು ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡದ್ದು, ಮದುವೆಯಾದ ಮರುದಿನವೂ ಏಣಿ ಹೊತ್ತುಕೊಂಡು ಹೋದದ್ದು, ಯಾವುದಕ್ಕೂ ಆ ಪರದೆಯ ಮೇಲೆ ಸಾಸಿವೆ ಕಾಳಿನಷ್ಟು ಜಾಗವಿರಲಿಲ್ಲ.

ಅಷ್ಟರಲ್ಲಿ ಮೂಲೆಮನೆಯ ಕಸ್ತೂರೆವ್ವ ಪರದೆಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿದಳು. ಕಾಲನಿಯ ಅರ್ಧ ವೈರು ಹಾಯುವುದು ಅವಳ ಮಾಳಿಗೆಯ ಮೇಲೆಯೇ. “ವಿರೂಪಾಕ್ಷಿ, ಉಳದದ್ದೆಲ್ಲಾ ಹಸರು, ಈ ಕೆಂಪು ಗೆರಿ ಏನಪಾ?”

“ಅವು ಯಾರಿಗೂ ಹೇಳದ ಜೋಡಿಸಿಕೊಂಡದ್ದು ಅಕ್ಕಾರ. ಕದ್ದ ಕನೆಕ್ಷನ್ನು! ಹನ್ನೊಂದು ಅದಾವ. ನೋಡ್ರಿ, ನನ್ನ ಹಲ್ಲಿಗಳು ಎಷ್ಟು ಶಾಣ್ಯಾ!”

ಹನ್ನೊಂದು ಮನೆಯವರು ಒಮ್ಮೆಲೇ ಉಪ್ಪಿಟ್ಟಿನ ಪಾತ್ರೆಯ ಕಡೆ ಮುಖ ತಿರುಗಿಸಿದರು. ಕಸ್ತೂರೆವ್ವನ ಬೆರಳು ತನ್ನ ಮಾಳಿಗೆಯಿಂದ ಹೊರಟ ಒಂದು ಕೆಂಪು ಗೆರೆಯನ್ನು ಹಿಡಿದು ಮೆಲ್ಲಗೆ ಹೊರಟಿತು. ಸಜ್ಜಾದ ಕೆಳಗೆ ಇಳಿದು, ಪೇರಲಗಿಡ ದಾಟಿ, ಒಂದು ಬಚ್ಚಲುಮನೆಯ ಕಿಟಕಿಯಲ್ಲಿ ಹೋಗಿ ನಿಂತಿತು. ಅದು ಅಧ್ಯಕ್ಷರ ಬಚ್ಚಲುಮನೆ.

“ಅಯ್ಯ ನನ್ನ ಶಿವನ! ಸಂಜಿ ಆತಂದ್ರ ನನ್ನ ಧಾರಾವಾಹಿ ನಿಂತ ನಿಂತ ಬರತಿತ್ತು. ನನ್ನ ನೆಟ್ಟು ನಿಮ್ಮ ಬಚ್ಚಲಕ್ಕ ಹೊಂಟಿತ್ತೇನ್ರೀ ಮಾಸ್ತರ?”

“ನಾ... ನಾ ಜಳಕಾ ಮಾಡ್ತಾ ವಚನ ಕೇಳ್ತೀನಿ!” ಎಂದರು ಮಾಸ್ತರರು.

“ಕಾಯಕವೇ ಕೈಲಾಸ ಅಂತ ಕದ್ದ ನೆಟ್ಟಿನ್ಯಾಗ ಕೇಳ್ತೀರಿ?”

ಜಗಳ ಹೊತ್ತಿತು. ನೀವು ನಮ್ಮದನ್ನು ಕದ್ದಿರಿ, ನಾವು ಇವರದನ್ನು ಕದ್ದೆವು, ಇವರು ಅವರದನ್ನು ಕದ್ದರು. ಹನ್ನೊಂದು ಕೆಂಪು ಗೆರೆ ಹನ್ನೊಂದು ಹೊಡೆದಾಟವಾಗುವ ಹೊತ್ತಿಗೆ ದ್ಯಾಮಣ್ಣ ಮೇಜು ಕುಟ್ಟಿದ.

“ಸುಮ್ಮನಾಗ್ರಿ! ಇವೆಲ್ಲಾ ನನಗ ಗೊತ್ತಿದ್ದಿಲ್ಲೇನು? ಮಾಸ್ತರ, ನಿಮ್ಮ ಬಚ್ಚಲದ ವೈರು ನನಗ ಒಂಬತ್ತ ವರ್ಷದಿಂದ ಗೊತ್ತೈತಿ! ಕಿತ್ತು ಒಗೀಲಿಲ್ಲ, ಯಾರ ಮುಂದೂ ಆಡಿ ತೋರಿಸ್ಲಿಲ್ಲ. ಒಂದು ಕಾಲನಿ ಅಂದ್ರ ಹಿಂಗ ಇರತೈತಿ ಅಂತ ಬಿಟ್ಟೆ. ನಕ್ಷಾ ಯಾಕ ಇಲ್ಲ, ನಕ್ಷಾ ಯಾಕ ಇಲ್ಲ ಅಂತ ಕೇಳಿದ್ರೆಲ್ಲ? ಇದಕ್ಕ ಇಲ್ಲ! ನಿಮ್ಮ ಮಾನ ಗ್ವಾಡಿ ಮ್ಯಾಲೆ ಬರದು ಹಚ್ಚಬಾರದು ಅಂತ ಇಲ್ಲ!”

ಈ ಮಾತು ನಾಟಬೇಕಾದವರಿಗೆ ನಾಟಿತು. ಆದರೆ ತಪ್ಪು ಮಾಡಿ ಸಿಕ್ಕಿಬಿದ್ದ ದೊಡ್ಡ ಮನುಷ್ಯನಿಗೆ ಮಾತು ನಾಟಿದರೆ ಸಿಟ್ಟೇ ಬರುವುದು. ಹೊಸಮನಿ ಮಾಸ್ತರರು ಶಲ್ಯ ಕೊಡವಿಕೊಂಡು, “ಯಂತ್ರ ತಪ್ಪು ತೋರಸಾಕತ್ತೈತಿ. ವಿರೂಪಾಕ್ಷಿ, ಆ ಕೆಂಪು ಗೆರಿ ಅಳಸಪಾ” ಎಂದರು.

“ಅಳಸೂದು ಏನ ಬಂತು ಸರ್? ಎಲ್ಲಾ ಸೊಟ್ಟ ಐತಿ, ಒಂದ ಸಲಕ್ಕ ನೆಟ್ಟಗ ಮಾಡಿಬಿಡ್ತೀನಿ!”

“ಲೇ, ಮುಟ್ಟಬ್ಯಾಡಲೇ!” ಎಂದು ದ್ಯಾಮಣ್ಣ ಮೇಜಿನ ಮೇಲಿನಿಂದ ಹಾರಿದ. ಅವನು ನೆಲ ಮುಟ್ಟುವಷ್ಟರಲ್ಲಿ ವಿರೂಪಾಕ್ಷಿಯ ಬೆರಳು ಗುಂಡಿ ಮುಟ್ಟಿತ್ತು.

ಪರದೆಯ ಮೇಲಿನ ಡೊಂಕು ಗೆರೆಗಳೆಲ್ಲ ಚೊಕ್ಕವಾಗಿ ನೆಟ್ಟಗಾದವು. ಎಲ್ಲರೂ “ಆಹಾ” ಎಂದರು. ಆಮೇಲೆ ಹೊರಗಿನಿಂದ ಸದ್ದು ಕೇಳಿತು.

ನಲವತ್ತು ಹಲ್ಲಿಗಳು ಇಪ್ಪತ್ತೆರಡು ವರ್ಷದ ಗಂಟುಗಳನ್ನು ಪಟಪಟನೆ ಬಿಚ್ಚಿ, ವೈರಿನ ತುದಿ ಕಚ್ಚಿಕೊಂಡು ಎಳೆಯುತ್ತಿದ್ದವು. ಹದಿನಾಲ್ಕು ಮಾಳಿಗೆಗಳ ಮೇಲೆ ಸೋಮಾರಿಯಾಗಿ ಜೋಲುತ್ತಿದ್ದ ವೈರು ಬಿಲ್ಲಿನ ಹೆದೆಯಂತೆ ಬಿಗಿಯಾಯಿತು. ಅದರ ಮೇಲೆ ಭಾನುವಾರ ಒಗೆದು ಹಾಕಿದ ಬಟ್ಟೆ ಇತ್ತು. ಅಂಗಿ, ಧೋತರ, ಕೌದಿ, ದಿಂಬಿನ ಚೀಲ ಎಲ್ಲವೂ ಆಕಾಶಕ್ಕೆ ಹಾರಿ, ಕಾಲನಿಯ ಮೇಲೆ ಒಂದು ಸುತ್ತು ಹೊಡೆದು, ತಮಗೆ ಬೇಕಾದ ಮನೆ ಆರಿಸಿಕೊಂಡು ಇಳಿದವು. ಮಾಸ್ತರರ ಪಟ್ಟಾಪಟ್ಟಿ ಚಡ್ಡಿ ಸಮುದಾಯ ಭವನದ ಧ್ವಜದ ಕಂಬದ ತುದಿಗೇರಿ ಗಾಳಿ ತುಂಬಿಕೊಂಡು ನಿಂತಿತು. ತೆಂಗಿನಮರಕ್ಕೆ ಹನ್ನೆರಡು ಸುತ್ತು ಸುತ್ತಿದ್ದ ವೈರು ಬುಗುರಿಯ ದಾರದಂತೆ ಬಿಚ್ಚಿಕೊಂಡಾಗ ಮರ ಗಿರ್ರನೆ ನಡುಗಿ, ಕಾಯಿಗಳು ನಾಲ್ಕು ದಿಕ್ಕಿಗೂ ಹೊರಟವು. ಒಂದು ಕಾಯಿ ಕಿಟಕಿಯಿಂದ ಬಂದು ನೇರ ಉಪ್ಪಿಟ್ಟಿನ ಪಾತ್ರೆಗೆ ಬಿತ್ತು.

“ನೆಟ್ ಹೋತು!” ಎಂದು ಯಾರೋ ಕೂಗಿದರು. ಅರವತ್ತು ಮನೆಯವರೂ ಫೋನು ಎತ್ತಿ ನೋಡಿದರು. ತೆಂಗಿನಕಾಯಿ ಬಿದ್ದಾಗ ಆಗದ ಗಾಬರಿ ಈಗ ಆಯಿತು.

“ಹನ್ನೆರಡಕ್ಕ ಹತ್ತು ನಿಮಿಷ ಐತಿ” ಎಂದರು ಮಾಸ್ತರರು, ಧ್ವಜದ ಕಂಬವನ್ನು ನೋಡದ ಹಾಗೆ ನೋಡುತ್ತ. “ಇನ್ನ ಕಾಯೂದೇನೈತಿ? ಕಂಪನಿಗೆ ಕೈ ಎತ್ರಿ.”

ಒಂದೊಂದೇ ಕೈ ಏಳತೊಡಗಿತು. ದ್ಯಾಮಣ್ಣ ಆ ಕೈಗಳನ್ನು ನೋಡಿದ. ಆ ಒಂದೊಂದು ಕೈಯಿಂದಲೂ ಅವನು ಚಹಾ ಇಸಿದುಕೊಂಡು ಕುಡಿದಿದ್ದ. ನೀಲವ್ವ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅವಳ ಮುಖ ನೋಡಿ ಅವನಿಗೆ ದುಃಖ ಬರಬೇಕಾಗಿತ್ತು. ಬಂದದ್ದು ಮತ್ತೂ ಸಿಟ್ಟು.

“ಲೇ ವಿರೂಪಾಕ್ಷಿ! ಮೊದಲ ಹೆಂಗಿತ್ತೋ ಹಂಗ ಮಾಡಲೇ! ಇಲ್ಲಂದ್ರ ನಿನ್ನ ಈ ಟ್ರಂಕಿನ್ಯಾಗ ತುಂಬಿ ತುಂಗಭದ್ರಾಕ್ಕ ಒಗೀತೀನಿ!” ಎಂದು ಕೂಗಿ, ಬಾಗಿಲ ಬಳಿ ಇಟ್ಟಿದ್ದ ತನ್ನ ಏಣಿ ಹೊತ್ತು ಹೊರಗೆ ಓಡಿ ಅಂಗಳದ ನಡುವಿನ ಕಂಬ ಹತ್ತಿದ. ಜನರೆಲ್ಲ ಹಿಂದೆ ಬಂದರು. ವಿರೂಪಾಕ್ಷಿ ಟ್ರಂಕನ್ನೂ ಎತ್ತಿಕೊಂಡು ಬಂದು, ‘ಮೊದಲಿನಂತೆ’ ಎಂಬ ಗುಂಡಿ ಒತ್ತಿದ.

ಗಣಪ್ಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಎಂಟು ದಿನ ವೈರಿನ ಮೇಲೆ ಓಡಾಡಿದ ಹಲ್ಲಿಗಳು ಅದರ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನೂ ನೆಟ್‌ವರ್ಕಿನ ಭಾಗವೆಂದೇ ಬರೆದುಕೊಂಡಿದ್ದವು. ‘ಕಸ್ತೂರೆವ್ವನ ಇಳಕಲ್ ಸೀರೆ: ಸಂಪರ್ಕ ಕಡಿದಿದೆ’ ಎಂದು ಪರದೆ ಕೆಂಪಾಗಿ ಕಿರುಚಿತು. ಹಲ್ಲಿಗಳು ಸೀರೆಯನ್ನು ಹುಡುಕಿಕೊಂಡು ಹೋದವು. ಸೀರೆ ಹಾರಿ ಹೋಗಿ ಗೌಳಿಯ ಎಮ್ಮೆಯ ಕೊಂಬಿಗೆ ಸಿಕ್ಕಿತ್ತು. ಹಲ್ಲಿಗಳು ಸೀರೆಗೆ ವೈರು ಜೋಡಿಸಿದವು, ಎಮ್ಮೆಗೂ ಜೋಡಿಸಿದವು. ಎಮ್ಮೆಗೆ ನಾಲ್ಕೂ ಗೆರೆ ಸಿಗ್ನಲ್ ಬಂತು, ಮನೆಗಳಿಗೆ ಸೊನ್ನೆ!

“ನನ್ನ ಮದವಿ ಸೀರಿ!” ಎಂದು ಕಸ್ತೂರೆವ್ವ ಎಮ್ಮೆಯ ಹಿಂದೆ ಓಡಿದಳು.

ಪರದೆಯ ಮೇಲೆ ಹೊಸ ಅಕ್ಷರ ಮೂಡಿತು: ‘ಸರಬರಾಜಿನ ಮೂಲ ಎಲ್ಲಿ? ಹುಡುಕಲಾಗುತ್ತಿದೆ.’ ವಿರೂಪಾಕ್ಷಿಯ ಮುಖ ಸುಣ್ಣ ಬಳಿದಂತಾಯಿತು.

“ಮಾಮಾ, ಒಂದು ಮಾತು ಉಳೀತು. ಹೊರಗಿಂದ ನೆಟ್ಟು ಕಾಲನಿಗೆ ಎಲ್ಲಿ ಬರತೈತಿ ಅಂತ ನಕ್ಷಾದಾಗ ಒಂದು ಚುಕ್ಕಿ ಇಡಬೇಕಾಗಿತ್ತು. ನೀವು ಹೇಳ್ಲೇ ಇಲ್ಲ!”

“ನನ್ನ ಕಸಬಿನ ಗುಟ್ಟು ನಿನಗ ಯಾಕ ಹೇಳ್ಲಿ?”

“ಹಂಗಾರ ಹಲ್ಲಿಗಳು ತಾವ ಹುಡಕ್ತಾವ. ಎಂಟ ದಿನ ನೋಡಿದ್ದು ಅವಕ್ಕ ನೆನಪೈತಿ. ಮ್ಯಾಲೆ ಅಕ್ಕ ಕೊಟ್ಟ, ಮಂದಿ ತಕರಾರು ನೀವು ಬರಕೊಳ್ಳೋ ಡೈರಿ ಎಲ್ಲಾ ಓದಸೀನಿ.”

“ಡೈರಿಯೊಳಗ ಏನೈತೆಲೇ?”

“ಇಪ್ಪತ್ತೆರಡು ವರ್ಷದ್ದು ಒಂದ ಸುದ್ದಿ ಮಾಮಾ. ನೆಟ್ ಹೋತು, ದ್ಯಾಮಣ್ಣ ಬಂದ, ನೆಟ್ ಬಂತು. ನೆಟ್ ಹೋತು, ದ್ಯಾಮಣ್ಣ ಬಂದ, ನೆಟ್ ಬಂತು. ನಾಲ್ಕ ಸಾವಿರ ಸಲ. ಒಂದ ಸಲಾನೂ ತಪ್ಪಿಲ್ಲ...” ಎನ್ನುತ್ತ ವಿರೂಪಾಕ್ಷಿ ತಲೆ ಎತ್ತಿ ಕಂಬದ ಕಡೆ ನೋಡಿದ. ಇದರಿಂದ ಬುದ್ಧಿ ಇರುವ ಯಾವ ಹಲ್ಲಿಯಾದರೂ ಏನು ತಿಳಿದುಕೊಳ್ಳುತ್ತದೆ ಎಂಬುದು ಅವನಿಗೆ ಆಗ ಹೊಳೆಯಿತು.

ವೈರುಗಳ ಮೇಲಿದ್ದ ನಲವತ್ತು ಹಲ್ಲಿಗಳು ಒಟ್ಟಿಗೇ ಕತ್ತು ತಿರುಗಿಸಿ ಕಂಬದ ಮೇಲಿದ್ದ ದ್ಯಾಮಣ್ಣನನ್ನು ನೋಡಿದವು.

“ಮಾಮಾ, ಇಳೀರಿ!”

ಇಳಿಯುವುದಕ್ಕೆ ಹೊತ್ತೆಲ್ಲಿತ್ತು? ಹಲ್ಲಿಗಳು ಅರವತ್ತು ಮನೆಯ ಅರವತ್ತು ವೈರು ಕಚ್ಚಿಕೊಂಡು ಸರಸರನೆ ಬಂದವು. ಹತ್ತು ವೈರು ಎಡಗೈಗೆ, ಹತ್ತು ಬಲಗೈಗೆ, ಉಳಿದವು ಎದೆಗೆ, ಹೆಗಲಿಗೆ, ಎರಡು ಕಿವಿಗೆ. ಯಾವ ಮನೆಗೂ ಸೇರದೆ ಉಳಿದದ್ದು ಊರ ಹೊರಗಿನಿಂದ ಬರುವ ಮುಖ್ಯ ವೈರು. ಅದನ್ನೂ ಅವನ ಕೇಬಲ್ ಅಂಗಡಿಯ ಪೆಟ್ಟಿಗೆಯಿಂದ ಕಿತ್ತು ತಂದು ಸೊಂಟಕ್ಕೆ ಉಡಿದಾರದಂತೆ ಕಟ್ಟಿದವು. ಏಣಿ ಬಿತ್ತು. ದ್ಯಾಮಣ್ಣ ಬೀಳಲಿಲ್ಲ. ಅಷ್ಟು ಭದ್ರವಾಗಿ ಅವನೂ ಎಂದೂ ವೈರು ಕಟ್ಟಿರಲಿಲ್ಲ.

“ಬಿಚ್ಚರಲೇ! ಹಲ್ಲಿ ಹೆತ್ತ ಹಡಬಿಟ್ಟಿ ಹಲ್ಲಿಗಳಿರಾ! ವಿರೂಪಾಕ್ಷೀ, ನಿನ್ನ ಹಲ್ಲು ಉದರಸ್ತೀನಿ!” ಎಂದು ಅವನು ಕಂಬ ಅಲ್ಲಾಡುವಂತೆ ಗರ್ಜಿಸಿದ.

ಅರವತ್ತು ಫೋನು ಒಂದೇ ಸಲ ಟಿಣ್ ಎಂದವು.

“ನೆಟ್ ಬಂತು!” “ಅಬ್ಬಾ, ಏನ್ ಸ್ಪೀಡು!” “ನಿಂತಿದ್ದ ಸಿನಿಮಾ ಪೂರ್ತಿ ಇಳೀತು!” ಎಂದು ಜನ ಕುಣಿದರು. ವಿರೂಪಾಕ್ಷಿ ಪರದೆಗೆ ಮೂಗು ತಾಗಿಸಿ ನೋಡಿ, ಭಯವನ್ನೇ ಮರೆತು ಕೂಗಿದ: “ಮಾಮಾ! ನಿಮ್ಮ ಸಿಟ್ಟು ಏರಿದಂಗ ಸ್ಪೀಡೂ ಏರಾಕತ್ತೈತಿ! ರಕ್ತ ಬಿಸಿ ಆದಂಗ ವೈರಿನ್ಯಾಗ ಅಡ್ಡಿ ಕಡಿಮಿ ಆಗಾಕತ್ತೈತಿ! ಇದು ಯಾವ ಪುಸ್ತಕದಾಗೂ ಇಲ್ಲ! ಮತ್ತ ಇಲ್ನೋಡ್ರಿ, ನಕ್ಷಾದಾಗ ನೀವು ಬಂದ್ರಿ!”

ಅವನು ಟ್ರಂಕನ್ನು ತಲೆಯ ಮೇಲೆ ಎತ್ತಿ ಹಿಡಿದ. ಪರದೆಯ ನಟ್ಟನಡುವೆ, ಅರವತ್ತು ಗೆರೆಗಳೂ ಬಂದು ಕೂಡುವ ಜಾಗದಲ್ಲಿ, ಒಂದು ದುಂಡನೆಯ ಚುಕ್ಕೆ. ಅದರ ಕೆಳಗೆ ಹೆಸರು: ದ್ಯಾಮಣ್ಣ.

ದ್ಯಾಮಣ್ಣ ಕಂಬದ ಮೇಲಿನಿಂದ ಅದನ್ನು ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಎಲ್ಲಿಯೂ ಬರೆಯದ ಮಾತನ್ನು ನಲವತ್ತು ತಗಡಿನ ಹುಳಗಳು ಎಂಟು ದಿನದಲ್ಲಿ ಕಂಡುಕೊಂಡಿದ್ದವು. ಹುಬ್ಬು ಸಡಿಲವಾಯಿತು. ತಿಂಗಳ ಸಿಟ್ಟು ಅರೆಗಳಿಗೆ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಅರವತ್ತು ಫೋನಿನಲ್ಲೂ ಚಕ್ರ ತಿರುಗತೊಡಗಿತು.

“ಅಯ್ಯೋ, ಅಂವ ಸಮಾಧಾನ ಆಗಾಕತ್ತಾನ!” ಎಂದು ಮಾಸ್ತರರು ಎದೆ ಹಿಡಿದುಕೊಂಡರು. “ಯಾರರ ಏನರ ಅನ್ರಿ! ದ್ಯಾಮಣ್ಣ, ಸಿಟ್ಟಾಗೋ ನನ್ನಪ್ಪಾ!”

“ನಿನ್ನ ವೈರೆಲ್ಲಾ ಸೊಟ್ಟ!” ಎಂದು ಒಬ್ಬ ಕೂಗಿದ. “ನಿನ್ನ ಕನೆಕ್ಷನ್ನಿಗಿಂತ ಅಂಚೆ ಜೋರು!” ಎಂದು ಇನ್ನೊಬ್ಬ. ಎಮ್ಮೆಯಿಂದ ಸೀರೆ ಬಿಡಿಸಿಕೊಂಡು ಆಗಷ್ಟೇ ಬಂದ ಕಸ್ತೂರೆವ್ವ, ಏನು ನಡೆದಿದೆಯೆಂದು ಕೇಳದೆಯೇ ಮೂರು ಪೀಳಿಗೆಗೆ ಸಾಲುವಷ್ಟು ಬೈದಳು. ದ್ಯಾಮಣ್ಣನ ಮೂಗು ಮತ್ತೆ ಕೆಂಪಾಯಿತು. ನೆಟ್ಟು ಓಡಿತು.

ಸರಿಯಾಗಿ ಹನ್ನೆರಡಕ್ಕೆ ಸಭೆ ಕಂಬದ ಕೆಳಗೇ ಸೇರಿತು. ಕಂಪನಿಗೆ ಎದ್ದಿದ್ದ ಕೈಗಳೆಲ್ಲ ಈಗ ದ್ಯಾಮಣ್ಣನಿಗೆ ಎದ್ದವು. ಮಾಸ್ತರರು ಠರಾವು ಓದಿದರು: ದ್ಯಾಮಣ್ಣನವರನ್ನು ಯಾವ ಕಾರಣಕ್ಕೂ ಬದಲಿಸತಕ್ಕದ್ದಲ್ಲ, ಅಲುಗಾಡಿಸತಕ್ಕದ್ದೂ ಅಲ್ಲ. ಮೇಲೊಂದು ಕೊಡೆ ಕಟ್ಟತಕ್ಕದ್ದು. ಅವರ ಸಿಟ್ಟು ಇಳಿಯದಂತೆ ನೋಡಿಕೊಳ್ಳಲು ದಿನಕ್ಕೊಂದು ಮನೆಯವರು ಪಾಳಿಯ ಪ್ರಕಾರ ಬಂದು ಕೆಣಕತಕ್ಕದ್ದು.

“ಈಗರ ಬಿಚ್ಚರಲೇ, ಗೆದ್ದೀನೆಲ್ಲ!” ಎಂದು ದ್ಯಾಮಣ್ಣ ಮೇಲಿನಿಂದ ಕೂಗಿದ. ಸ್ಪೀಡು ಇನ್ನಷ್ಟು ಏರಿತು.

ನೀಲವ್ವ ಬಿದ್ದ ಏಣಿಯನ್ನು ಎತ್ತಿ ಕಂಬಕ್ಕೆ ಒರಗಿಸಿದಳು. ಗಂಡನ ಬಾಯಿಗೆ ಎರಡು ತುತ್ತು ರೊಟ್ಟಿ ಇಟ್ಟು, ಹಣೆಯ ಬೆವರು ಒರೆಸಿ, ಕೆಳಗಿಳಿದು ಬಂದಳು. ಪಾಳಿಯ ಪಟ್ಟಿ ಬರೆಯುತ್ತಿದ್ದ ಮಾಸ್ತರರ ಕೈಯಿಂದ ಪೆನ್ನು ಇಸಿದುಕೊಂಡು ಹೇಳಿದಳು:

“ಪಾಳಿ ಯಾಕ ಬೇಕ್ರಿ ಮಾಸ್ತರ? ನನ್ನ ತಮ್ಮನ್ನ ಎದರಿಗೆ ಒಂದು ಕುರ್ಚಿ ಹಾಕಿ ಕುಂದರಸ್ರಿ, ಸಾಕು.”